ಗಡಿಭಾಗದಲ್ಲಿ ಕನ್ನಡ ಓದುಕಲಿಕೆ: ಪ್ರಥಮಭಾಷಾ ಮತ್ತು ದ್ವಿತೀಯಭಾಷಾ ಓದುಗರು, ಚೀನೀ ಓದಿನ ಬೆಳಕಿನಲ್ಲಿ

ಸಾರಾಂಶ: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕನ್ನಡ ಮನೆಮಾತಿನ ಮಕ್ಕಳೂ ಮರಾಠಿ ಮನೆಮಾತಿನ ಮಕ್ಕಳೂ ಕನ್ನಡ ಲಿಪಿಯನ್ನು ಓದಲು ಕಲಿಯುತ್ತಾರೆ. ಇವರ ಓದಿನ ಅಂತರವು ಅಕ್ಷರಜ್ಞಾನಕ್ಕಿಂತ ಹೆಚ್ಚಾಗಿ, ಓದಿದ ಧ್ವನಿಯನ್ನು ಒರೆಗೆ ಹಚ್ಚಿ ನೋಡುವ ಆಡುಮಾತಿನ ಪದಸಂಗ್ರಹದಲ್ಲಿದೆ ಎಂದು ಈ ಲೇಖನ ವಾದಿಸುತ್ತದೆ. ಗಟ್ಟಿಓದಿನ ಪರೀಕ್ಷೆಗಳು ಈ ಅಂತರವನ್ನು ಹೇಗೆ ಮರೆಮಾಡಬಲ್ಲವೆಂಬುದನ್ನೂ ವಿವರಿಸುತ್ತದೆ.

ಪ್ರಮುಖ ಪದಗಳು: ಓದುಕಲಿಕೆ, ದ್ವಿತೀಯ ಭಾಷೆ, ಒತ್ತಕ್ಷರ, ಮರಾಠಿ, ಉತ್ತರ ಕರ್ನಾಟಕದ ಉಪಭಾಷೆ

1. ಪೀಠಿಕೆ

ಪ್ರಥಮಭಾಷಾ ಓದು ಮತ್ತು ದ್ವಿತೀಯಭಾಷಾ ಓದುಗಳ ನಡುವಣ ವ್ಯತ್ಯಾಸವು ಚೀನೀ ಭಾಷೆಯಲ್ಲಿ ಸ್ಫುಟವಾಗಿ ಗೋಚರಿಸುತ್ತದೆ. ಅಲ್ಲಿನ ಬಹುಪಾಲು ಲಿಪಿಚಿಹ್ನೆಗಳಲ್ಲಿ ಅರ್ಥಸೂಚಕ, ಧ್ವನಿಸೂಚಕ ಎಂಬ ಎರಡು ಅಂಗಗಳಿರುತ್ತವೆ. ‘ಕುದುರೆ’ ಎಂಬರ್ಥದ ‘ಮಾ’ ಚಿಹ್ನೆಯ ಎಡಕ್ಕೆ ‘ಹೆಣ್ಣು’ ಎಂಬುದರ ಚಿಹ್ನೆ ಸೇರಿದರೆ ‘ತಾಯಿ’ ಎಂಬರ್ಥದ ‘ಮಾ’ ಆಗುತ್ತದೆ. ಎರಡರ ಸ್ವರಭಾರ ಮಾತ್ರ ಬೇರೆ. ಚೀನೀ ಮನೆಮಾತಿನ ಮಗುವಿಗೆ ಈ ಅಪೂರ್ಣ ಸುಳಿವೇ ಸಾಕು, ಏಕೆಂದರೆ ಪದವು ಆಗಲೇ ಅದರ ನಾಲಿಗೆಯ ಮೇಲಿದೆ. ಪರಭಾಷಿಕ ಕಲಿಕಾರ್ಥಿಯಾದರೋ ಆಕೃತಿ, ಧ್ವನಿ, ಅರ್ಥ ಮೂರನ್ನೂ ಒಟ್ಟಿಗೆ ಕಲಿಯಬೇಕು. 1958ರಲ್ಲಿ ಅಂಗೀಕೃತವಾದ ಪಿನ್‌ಯಿನ್ ರೋಮನ್ ಬರಹವು ಅವನಿಗೆ ಉಚ್ಚಾರಣೆಯನ್ನು ತಿಳಿಸಬಲ್ಲದು, ಪದವನ್ನು ಒದಗಿಸಲಾರದು.

ಕನ್ನಡ ಲಿಪಿಯಲ್ಲಿ ಧ್ವನಿಯು ಬಹುಮಟ್ಟಿಗೆ ಪೂರ್ಣವಾಗಿಯೇ ದಾಖಲಾಗುತ್ತದೆ. ಆದ್ದರಿಂದ ಅಕ್ಷರ ಬಲ್ಲವರೆಲ್ಲರೂ ಸಮಾನ ಓದುಗರೆಂದು ಭಾವಿಸುವುದು ಸುಲಭ. ಈ ಭಾವನೆಯನ್ನು ನಾವು ಮೇಲಿನ ಐದು ತಾಲ್ಲೂಕುಗಳ ಭಾಷಿಕ ಸನ್ನಿವೇಶದಲ್ಲಿಟ್ಟು ಪರಿಶೀಲಿಸುತ್ತೇವೆ.

2. ಅಕ್ಷರಜ್ಞಾನದ ವರ್ಗಾವಣೆ

ಕನ್ನಡ ಮತ್ತು ದೇವನಾಗರಿ ಲಿಪಿಗಳೆರಡೂ ಬ್ರಾಹ್ಮೀಮೂಲದವು. ವ್ಯಂಜನದಲ್ಲಿ ಅಕಾರವು ಅಂತರ್ಗತವಾಗಿರುವುದು, ಸ್ವರಚಿಹ್ನೆಯಿಂದ ಕಾಗುಣಿತ ಬೆಳೆಯುವುದು ಎರಡಕ್ಕೂ ಸಮಾನ. ಮರಾಠಿ ಓದಬಲ್ಲ ಮಗು ಕನ್ನಡಕ್ಕೆ ಬಂದಾಗ ಈ ತತ್ತ್ವವನ್ನು ಮತ್ತೆ ಕಲಿಯಬೇಕಾಗಿಲ್ಲ. ಹೊಸ ಆಕೃತಿಗಳನ್ನು ಕಲಿತರೆ ಸಾಕು. ಆದರೂ ಆಕೃತಿಗಳ ಹೊರೆ ಅಲ್ಪವಲ್ಲ. ಕನ್ನಡದ ಅಕ್ಷರಗಳ ಮೇಲಿನ ಹಿಡಿತವು ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ಬೆಳೆಯುತ್ತಲೇ ಇರುತ್ತದೆಂಬುದನ್ನು ಸೊನಾಲಿ ನಾಗ್ (2007) ತೋರಿಸಿದ್ದಾರೆ.

ಸಂಯುಕ್ತಾಕ್ಷರದಲ್ಲಿ ಲಿಪಿಗಳು ಬೇರೆಯಾಗುತ್ತವೆ. ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲ ವ್ಯಂಜನ ಅರ್ಧವಾಗುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣಾಕೃತಿಯಲ್ಲಿ ನಿಂತು ಎರಡನೆಯದು ಒತ್ತಾಗುತ್ತದೆ. ‘ಕುಸ್ತಿ’ ಎಂಬಲ್ಲಿ ಇಕಾರದ ಚಿಹ್ನೆ ಸಕಾರದ ಮೇಲಿದ್ದರೂ ಉಚ್ಚಾರಣೆಯಲ್ಲಿ ಅದು ತಕಾರದ ಬಳಿಕ ಬರುತ್ತದೆ. ಆರಂಭಿಕ ಓದುಗ ಇದನ್ನು ‘ಕುಸಿತ’ ಎಂದು ಬಿಡಿಸುವ ಸಾಧ್ಯತೆಯುಂಟು. ಆದರೆ ಕುಸ್ತಿಯು ಎರಡೂ ಭಾಷೆಗಳ ಪದ. ಕನ್ನಡ, ಮರಾಠಿ ಮನೆಮಾತಿನ ಮಕ್ಕಳಿಬ್ಬರೂ ತಮ್ಮ ತಪ್ಪನ್ನು ತಾವೇ ತಿದ್ದಿಕೊಳ್ಳಬಲ್ಲರು. ಅದೇ ರಚನೆಯ ‘ಆಸ್ತಿ’ ಎಂಬ ಪದವನ್ನು ಎಂದೂ ಕೇಳದ ಮಗುವಿಗೆ ಆ ನೆರವಿಲ್ಲ. ಅಕ್ಷರದ ಕಷ್ಟ ಎರಡರಲ್ಲೂ ಒಂದೇ. ಪದದ ಆಸರೆ ಮಾತ್ರ ಭಿನ್ನ.

3. ‘ಬೆಳೆ’ ಮತ್ತು ‘ಬೇಳೆ’

ಮರಾಠಿಯಲ್ಲಿ ಎಕಾರ ಮತ್ತು ಒಕಾರಗಳ ಹ್ರಸ್ವದೀರ್ಘ ಭೇದವು ಅರ್ಥಭೇದಕವಲ್ಲ. ಅದರ ಬರಹದಲ್ಲಿಯೂ ಪ್ರತ್ಯೇಕ ಚಿಹ್ನೆಗಳಿಲ್ಲ. ಪದಾಂತ್ಯದ ಅಂತರ್ಗತ ಅಕಾರವೂ ಸಾಮಾನ್ಯವಾಗಿ ಲೋಪವಾಗುತ್ತದೆ: ‘ಘರ’ ಎಂದು ಬರೆದು ‘ಘರ್’ ಎನ್ನುತ್ತಾರೆ. ಹೀಗಾಗಿ ಮರಾಠಿ ಓದಿನ ಅಭ್ಯಾಸವುಳ್ಳ ಮಗು ‘ಹೊಲ’ವನ್ನು ‘ಹೋಲ್’ ಎಂದೂ ‘ಬೆಳೆ’ಯನ್ನು ‘ಬೇಳೆ’ ಎಂದೂ ಓದುವುದನ್ನು ನಿರೀಕ್ಷಿಸಬಹುದು.

ಕನ್ನಡ ಮನೆಮಾತಿನ ಮಗುವೂ ಪಠ್ಯದಲ್ಲಿರುವಂತೆಯೇ ಓದುವುದಿಲ್ಲ. ಈ ಭಾಗದ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ. ಮನೆ ‘ಮನಿ’, ಬೆಳೆ ‘ಬೆಳಿ’, ಬೇಳೆ ‘ಬ್ಯಾಳಿ’. ‘ಮನೆಯಲ್ಲಿ’ ಎಂಬುದು ‘ಮನ್ಯಾಗ’. ‘ಬೇಳೆ’ಯನ್ನು ‘ಬ್ಯಾಳಿ’ ಎಂದು ಓದಿದ ಮಗು ಪದವನ್ನು ಗುರುತಿಸಿದೆ. ಅದರ ಓದು ಅರ್ಥವನ್ನು ಮುಟ್ಟಿದೆ. ‘ಬೆಳೆ’ಯನ್ನು ‘ಬೇಳೆ’ ಎಂದ ಮಗು ಬೇರೊಂದು ಪದಕ್ಕೆ ಸರಿದಿದೆ, ಇಲ್ಲವೇ ಯಾವ ಪದವನ್ನೂ ತಲುಪಿಲ್ಲ. ಗಟ್ಟಿಓದಿನ ಅಂಕಪಟ್ಟಿಯಲ್ಲಿ ಇಬ್ಬರಿಗೂ ಒಂದೊಂದು ತಪ್ಪು.

ಇಲ್ಲಿಯೂ ಚೀನೀ ಓದು ಬೋಧಪ್ರದ. ಹಾಂಗ್‌ಕಾಂಗಿನ ಕ್ಯಾಂಟನೀಸ್ ಭಾಷಿಕರು ಶಿಷ್ಟ ಚೀನೀ ಬರಹವನ್ನು ತಮ್ಮದೇ ಉಚ್ಚಾರಣೆಯಲ್ಲಿ ಓದುತ್ತಾರೆ. ಅದನ್ನು ಅಲ್ಲಿ ಯಾರೂ ದೋಷವೆನ್ನುವುದಿಲ್ಲ. ಧ್ವನಿಯನ್ನು ಬಿಡಿಸಿ ಬರೆಯುವ ಲಿಪಿಯಾದುದರಿಂದಲೇ ನಾವು ‘ಮನಿ’ಯನ್ನು ತಪ್ಪೆಂದು ಗುರುತಿಸುತ್ತೇವೆ.

4. ವಾಕ್ಯರಚನೆಯ ಸಾಮ್ಯ

ನೆರೆಯ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಗಂಪರ್ಜ್ ಮತ್ತು ವಿಲ್ಸನ್ (1971) ನಡೆಸಿದ ಅಧ್ಯಯನವು, ದೀರ್ಘಕಾಲದ ಸಂಪರ್ಕದಿಂದ ಅಲ್ಲಿನ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹಳ ಹತ್ತಿರವಾಗಿದ್ದು ಪದಗಳು ಬೇರೆಯಾಗಿಯೇ ಉಳಿದಿರುವುದನ್ನು ದಾಖಲಿಸಿತು. ಒಂದು ಗ್ರಾಮದ ಫಲಿತವನ್ನು ಇಡೀ ಪ್ರದೇಶಕ್ಕೆ ಅನ್ವಯಿಸಲಾಗದು. ಆದರೂ ಅದು ನಮ್ಮ ವಾದಕ್ಕೆ ದಿಕ್ಕು ತೋರುತ್ತದೆ: ಇಂಥ ಪರಿಸರದ ದ್ವಿತೀಯಭಾಷಾ ಓದುಗನಿಗೆ ವಾಕ್ಯದ ನಡೆ ಅಪರಿಚಿತವಾಗಿರಲಾರದು, ಕೊರತೆಯಿದ್ದರೆ ಅದು ಪದಗಳಲ್ಲಿ.

5. ಉಪಸಂಹಾರ

2015ರ ಕನ್ನಡ ಭಾಷಾ ಕಲಿಕಾ ಅಧಿನಿಯಮವು ಶಾಲೆಗಳಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಡ್ಡಾಯಗೊಳಿಸಿದೆ. ಹೀಗಿರುವಾಗ ಓದಿನ ಮೌಲ್ಯಮಾಪನದಲ್ಲಿ ಮೂರು ಬಗೆಯ ತಪ್ಪುಗಳನ್ನು ಬೇರ್ಪಡಿಸುವುದು ಅಗತ್ಯ: ಲಿಪಿಯ ತಪ್ಪು, ಅನ್ಯಭಾಷಾ ಓದಿನ ಪ್ರಭಾವ, ಉಪಭಾಷೆಯ ಉಚ್ಚಾರಣೆ. ಬೇರ್ಪಡಿಸದಿದ್ದರೆ ಹಾನಿ ಇಬ್ಬಗೆಯದು. ಅರ್ಥೈಸಿಕೊಂಡು ಓದುವ ಮಗುವಿಗೆ ಹಿಂದುಳಿದವನೆಂಬ ಹಣೆಪಟ್ಟಿ ಬೀಳುತ್ತದೆ. ನಿಜವಾದ ಓದುದೋಷವುಳ್ಳ ಮಗುವಿನ ಕಷ್ಟವು ‘ಮರಾಠಿ ಪ್ರಭಾವ’ ಎಂಬ ವಿವರಣೆಯಲ್ಲಿ ಮುಚ್ಚಿಹೋಗುತ್ತದೆ.

ಮನೆಮಾತಿನ ದಾಖಲೆಯೊಂದನ್ನೇ ನೆಚ್ಚುವಂತೆಯೂ ಇಲ್ಲ. ಮರಾಠಿ ಮನೆಯ ಮಗು ಓಣಿಯ ಆಟದಲ್ಲಿ ಕನ್ನಡ ಕಲಿತಿರಬಹುದು. ಆದ್ದರಿಂದ ಓದಿಸುವ ಮೊದಲು ಅದೇ ಪದಗಳನ್ನು ಮಾತಿನಲ್ಲಿ ಕೇಳಿಸಿ, ಮಗುವಿಗೆ ಅವು ಗೊತ್ತೇ ಎಂದು ಪರೀಕ್ಷಿಸುವುದು ಉಚಿತ. ಗೊತ್ತಿರುವ ಪದದಲ್ಲಿ ಮಗು ಎಡವಿದರೆ ಲಿಪಿಯನ್ನು ಕಲಿಸಬೇಕು. ಗೊತ್ತಿಲ್ಲದ ಪದದಲ್ಲಿ ಎಡವಿದರೆ ಮೊದಲು ಭಾಷೆಯನ್ನು.