ಯಾವ ಚಲನಚಿತ್ರ ಶಾಲೆ? ಸೇರುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ದ್ವಿತೀಯ ಪಿ.ಯು.ಸಿ. ಫಲಿತಾಂಶ ಹೊರಬಿದ್ದ ವಾರಗಳಲ್ಲಿ ನಮ್ಮ ಗುರುಮನೆಯ ಜಗಲಿ ಬರಿದಾಗಿರುವುದಿಲ್ಲ. ಇಂಜಿನಿಯರಿಂಗ್, ನರ್ಸಿಂಗ್, ವಾಣಿಜ್ಯ ಪದವಿ ಎಂದು ಶಿಫಾರಸು ಪತ್ರಕ್ಕಾಗಿ, ಸಲಹೆಗಾಗಿ, ಕೆಲವೊಮ್ಮೆ ಕೇವಲ ಸಾಂತ್ವನಕ್ಕಾಗಿ ಹೆತ್ತವರು ಬರುತ್ತಾರೆ. ಈ ಸಲ ಬಂದ ಒಬ್ಬ ತಂದೆಯ ಕೈಯಲ್ಲಿ ಬೇರೆ ಬಗೆಯ ಕಾಗದಗಳಿದ್ದವು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ. ಜೊತೆಯಲ್ಲಿ ವಿಜ್ಞಾನ ವಿಭಾಗದಲ್ಲಿ ತೇರ್ಗಡೆಯಾದ ಮಗಳು.

"ಫಾದರ್, ಇವಳು ಸಿನಿಮಾದ ಧ್ವನಿಗ್ರಹಣ ಕಲಿಯುತ್ತಾಳಂತೆ. ಬೇಡವೆಂದು ಹೇಳಿ ಹೇಳಿ ಸಾಕಾಯಿತು. ಕಲಿಯುವುದೇ ಆದರೆ ಎಲ್ಲಿ ಸೇರಿಸಲಿ, ತಾವೇ ಹೇಳಿಬಿಡಿ" ಎಂದು ಅವರು ಎರಡು ಮೂರು ಸಂಸ್ಥೆಗಳ ವಿವರಪತ್ರಗಳನ್ನು ನಮ್ಮ ಮೇಜಿನ ಮೇಲಿಟ್ಟರು.

"ತಾವೇ ಹೇಳಿಬಿಡಿ" ಎಂಬ ಮಾತಿಗೆ ಹಿಂದೊಮ್ಮೆ ಸುಲಭವಾಗಿ ಉತ್ತರ ಕೊಟ್ಟು ನಾವು ಪಶ್ಚಾತ್ತಾಪಪಟ್ಟಿದ್ದೇವೆ. ಆಗ ನಾವಿದ್ದ ಧರ್ಮಕೇಂದ್ರದ ಯುವಕನೊಬ್ಬ ನಿರ್ದೇಶಕನಾಗಬೇಕೆಂದು ಹಂಬಲಿಸಿದ್ದ. ನಗರದ ಒಂದು ಖಾಸಗಿ ಸಂಸ್ಥೆಯ ವಿವರಪತ್ರ ತಂದು ತೋರಿಸಿದ. ಹೊಳೆಯುವ ಕಾಗದ, ಹವಾನಿಯಂತ್ರಿತ ಸ್ಟುಡಿಯೋದ ಚಿತ್ರ, ಪ್ರಸಿದ್ಧ ನಟರ ಶುಭಾಶಯ. ಅಷ್ಟನ್ನೇ ನೋಡಿ ನಾವು ಅವನ ತಂದೆಗೆ ಧೈರ್ಯ ಹೇಳಿದೆವು. ಅವರು ಭವಿಷ್ಯನಿಧಿಯ ಹಣ ತೆಗೆದು ಶುಲ್ಕ ಕಟ್ಟಿದರು. ಎರಡು ವರ್ಷಗಳ ಬಳಿಕ ಆ ಯುವಕ ನಮಗೆ ಹೇಳಿದ್ದು ಇಷ್ಟು: ಕ್ಯಾಮೆರಾ ಇದ್ದುದು ಎರಡು, ವಿದ್ಯಾರ್ಥಿಗಳು ಅರವತ್ತು, ತನ್ನದೆಂದು ಹೇಳಿಕೊಳ್ಳಬಹುದಾದ ಒಂದೇ ಒಂದು ಚಿತ್ರವನ್ನೂ ಅವನು ಮಾಡಲಿಲ್ಲ. ಅವನ ತಂದೆ ಇಂದಿಗೂ ನಮ್ಮನ್ನು ದೂರಿಲ್ಲ. ದೂರಿದ್ದರೆ ನಮ್ಮ ಮನಸ್ಸು ಹಗುರವಾಗುತ್ತಿತ್ತೇನೋ.

ಆದುದರಿಂದ ಈ ಸಲ ಉತ್ತರ ಕೊಡುವ ಬದಲು ಕೇಳಬೇಕಾದ ಪ್ರಶ್ನೆಗಳನ್ನು ಕೊಟ್ಟೆವು. ಅನ್ಯ ಕುಟುಂಬಗಳಿಗೂ ಉಪಯೋಗವಾದೀತೆಂದು ಅವುಗಳನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದು, ಕಲಿಯಬೇಕಾದ ಕಸುಬು ಯಾವುದು? "ಸಿನಿಮಾ ಓದುವುದು" ಎಂಬ ಒಂದೇ ವಿದ್ಯೆ ಇಲ್ಲ. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿಗ್ರಹಣ, ಕಲಾ ನಿರ್ದೇಶನ ಇವೆಲ್ಲ ಬೇರೆ ಬೇರೆ ಕಸುಬುಗಳು. ಹೆಸರುವಾಸಿ ಸಂಸ್ಥೆಗಳು ವಿದ್ಯಾರ್ಥಿಗಳನ್ನು ಇವುಗಳಲ್ಲಿ ಒಂದಕ್ಕೆಂದೇ ಆರಿಸಿಕೊಳ್ಳುತ್ತವೆ. ನಮ್ಮವರ ಅನೇಕ ಕಾಲೇಜುಗಳಲ್ಲಿ ದೃಶ್ಯ ಸಂವಹನ ಅಥವಾ ಸಮೂಹ ಮಾಧ್ಯಮದ ಪದವಿಗಳಿವೆ. ಚೆನ್ನೈಯ ಲೊಯೊಲಾ ಕಾಲೇಜು ಈ ದಿಸೆಯಲ್ಲಿ ಹೆಸರು ಮಾಡಿದೆ. ಮುಂಬಯಿಯಲ್ಲಿ ಯೇಸುಸಭೆಯವರ ಕ್ಸೇವಿಯರ್ ಸಂವಹನ ಸಂಸ್ಥೆ 1969ರಿಂದ ಇದೆ. ಪತ್ರಿಕೆ, ಜಾಹೀರಾತು, ಕಿರುತೆರೆ, ಛಾಯಾಚಿತ್ರ ಎಲ್ಲದರ ಪರಿಚಯ ಬೇಕೆನ್ನುವವರಿಗೆ ಇಂತಹ ಶಿಕ್ಷಣ ಯೋಗ್ಯವಾದುದು. ಆದರೆ ಒಂದೇ ಕಸುಬಿನಲ್ಲಿ ಕೈ ಪಳಗಬೇಕೆನ್ನುವವರಿಗೆ ಅದು ಹೆಬ್ಬಾಗಿಲು ಮಾತ್ರ, ಒಳಮನೆಯಲ್ಲ. "ನಮ್ಮವರ ಕಾಲೇಜು" ಎಂಬ ಒಂದೇ ಕಾರಣ ಇಲ್ಲಿ ಸಾಲದು.

ಎರಡನೆಯದು, ಈಗಲೇ ಸೇರಬೇಕೇ, ಪದವಿಯ ನಂತರವೇ? ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ 1960ರಲ್ಲಿ ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ ಆರಂಭವಾಯಿತು. ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ 1995ರಲ್ಲಿ ಹುಟ್ಟಿತು. ಇವೆರಡೂ ಕೇಂದ್ರ ಸರ್ಕಾರದವು. ಇವುಗಳ ಪ್ರಮುಖ ಶಿಕ್ಷಣಕ್ರಮಗಳು ಮೂರು ವರ್ಷದವು, ಪದವೀಧರರಿಗೆ ಮೀಸಲಾದವು. ಪ್ರವೇಶ ಪರೀಕ್ಷೆಯೂ ಸಂದರ್ಶನವೂ ಇವೆ. ಹೆಚ್ಚಿನ ವಿಭಾಗಗಳಿಗೆ ಪದವಿ ಯಾವ ವಿಷಯದಲ್ಲಾದರೂ ಇರಬಹುದು. ನಮ್ಮ ಗಿರೀಶ್ ಕಾಸರವಳ್ಳಿಯವರು ಔಷಧ ವಿಜ್ಞಾನ ಓದಿ ಅನಂತರ ಪುಣೆಗೆ ಹೋದವರು. ಅವರ ಮೊದಲ ಚಿತ್ರ 'ಘಟಶ್ರಾದ್ಧ' (1977) ರಾಷ್ಟ್ರದ ಸ್ವರ್ಣಕಮಲ ಪಡೆಯಿತು. 2009ರಲ್ಲಿ ಧ್ವನಿ ಮಿಶ್ರಣಕ್ಕಾಗಿ ಆಸ್ಕರ್ ಪಡೆದವರಲ್ಲಿ ಒಬ್ಬರಾದ ಕೇರಳದ ರಸೂಲ್ ಪೂಕುಟ್ಟಿ ಅವರು ಭೌತಶಾಸ್ತ್ರದ ಪದವಿಯೊಂದಿಗೆ ಅಲ್ಲಿಗೆ ಹೋದವರು. 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂ ಪ್ರಿ ಪ್ರಶಸ್ತಿ ಗೆದ್ದ ಪಾಯಲ್ ಕಪಾಡಿಯಾ ಅವರು ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿ ಅನಂತರ ಪುಣೆಯ ಸಂಸ್ಥೆ ಸೇರಿದವರು. ಇವರ ಮೊದಲ ಪದವಿ ವ್ಯರ್ಥವಾಯಿತೆಂದು ಯಾರು ಹೇಳಬಲ್ಲರು?

ಪದವಿಗೆ ಮುನ್ನವೇ ಕಸುಬು ಹಿಡಿಯಬೇಕೆನ್ನುವವರಿಗೆ ಡಿಪ್ಲೊಮಾದ ದಾರಿಯೂ ಇದೆ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಷ್ಟು ಹಿಂದೆಯೇ ಛಾಯಾಗ್ರಹಣವನ್ನು ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿಯವರು ಅಲ್ಲಿ ಕಲಿತು, ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದ ಬೆಳಕನ್ನು ರೂಪಿಸಿದರು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದರು. ಆ ಪರಂಪರೆ ಇಂದು ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿದೆ. ಮನೆಯ ಬಳಿಯದು, ಸರ್ಕಾರಿಯದು ಎಂದು ಅದನ್ನು ಕಡೆಗಣಿಸಬಾರದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ವಿದ್ಯಾರ್ಥಿ ತನ್ನ ಕೈಯಿಂದ ಎಷ್ಟು ಕೆಲಸ ಮಾಡುತ್ತಾನೆ, ಅದನ್ನು ತಿದ್ದುವವರು ಯಾರು? ತತ್ತ್ವಶಾಸ್ತ್ರದ ತರಗತಿಯಲ್ಲಿ ನಾವು ಅರಿಸ್ಟಾಟಲನಿಂದ ಕಲಿತ ಪಾಠವೊಂದಿದೆ. ಮನೆ ಕಟ್ಟುತ್ತಾ ಕಟ್ಟುತ್ತಾ ಮನುಷ್ಯ ಶಿಲ್ಪಿಯಾಗುತ್ತಾನೆ, ವಾದ್ಯ ನುಡಿಸುತ್ತಾ ವಾದಕನಾಗುತ್ತಾನೆ. ಆದರೆ ಕೆಟ್ಟದಾಗಿ ಕಟ್ಟುತ್ತಾ ಹೋದವನು ಕೆಟ್ಟ ಶಿಲ್ಪಿಯೇ ಆಗುತ್ತಾನೆ. ಗುರು ಬೇಕಾಗುವುದು ಆ ಕಾರಣಕ್ಕಾಗಿ. ಅಭ್ಯಾಸವಿಲ್ಲದ ಬೋಧನೆ ಬರಿಯ ಮಾತು. ತಿದ್ದುವವರಿಲ್ಲದ ಅಭ್ಯಾಸ ಕುರುಡು. ಯಂತ್ರಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಈ ಎರಡರ ಸ್ಥಾನವನ್ನು ಅದು ತುಂಬಲಾರದು.

ನಾವು ಇದನ್ನು ಹೇಳುತ್ತಿದ್ದಾಗ ಅಷ್ಟು ಹೊತ್ತು ಮುಖ ಗಂಟಿಕ್ಕಿ ಕುಳಿತಿದ್ದ ತಂದೆ ಥಟ್ಟನೆ, "ಡಿಪೋದಲ್ಲಿ ನಾನೂ ಹಾಗೆಯೇ ಕಲಿತದ್ದು ಫಾದರ್. ಮೇಸ್ತ್ರಿ ಪಕ್ಕದಲ್ಲಿ ನಿಂತು ಬೈಯದಿದ್ದರೆ ಇಂದಿಗೂ ಗೇರ್ ಬಾಕ್ಸ್ ಬಿಚ್ಚಲು ಬರುತ್ತಿರಲಿಲ್ಲ" ಎಂದರು. ಮಗಳು ಮೊದಲ ಬಾರಿಗೆ ನಕ್ಕಳು.

ಆದುದರಿಂದ ಸಂಸ್ಥೆಗೆ ಖುದ್ದಾಗಿ ಹೋಗಿರಿ. ಒಂದು ವಿಭಾಗದಲ್ಲಿ ಎಷ್ಟು ಮಂದಿ ಇದ್ದಾರೆಂದು ಕೇಳಿರಿ. ವಿದ್ಯಾರ್ಥಿಗಳೇ ಮಾಡಿದ ಚಿತ್ರಗಳನ್ನು ತೋರಿಸಲು ಹೇಳಿರಿ; ಕೊನೆಯಲ್ಲಿ ಬರುವ ಹೆಸರುಗಳನ್ನು ಓದಿರಿ. ಕೊನೆಯ ವರ್ಷದವರೊಡನೆ, ಅಧ್ಯಾಪಕರಿಲ್ಲದಾಗ, ಹತ್ತು ನಿಮಿಷ ಮಾತನಾಡಿರಿ.

ನಾಲ್ಕನೆಯದು, ಹಣ ಮತ್ತು ಪ್ರಮಾಣಪತ್ರ. ಕೊಡುವುದು ಪದವಿಯೋ, ಡಿಪ್ಲೊಮಾವೋ, ಸಂಸ್ಥೆಯ ಸ್ವಂತ ಕಾಗದವೋ? ಮಾನ್ಯತೆ ಯಾರದು? ಶುಲ್ಕದ ಹೊರತಾಗಿ ಚಿತ್ರ ತಯಾರಿಕೆಯ ಖರ್ಚು ಯಾರ ಮೇಲೆ ಬೀಳುತ್ತದೆ? ನಡುವೆ ಬಿಟ್ಟರೆ ಹಣ ಮರಳುತ್ತದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆಯಿರಿ. ಮನೆ ಅಡವಿಟ್ಟು ಸಾಲ ಮಾಡುವ ಮುನ್ನ ಒಂದು ಮಾತನ್ನು ನೆನಪಿಡಬೇಕು: ಈ ವೃತ್ತಿಯಲ್ಲಿ ಮೊದಲ ವರ್ಷಗಳ ಗಳಿಕೆ ಅನಿಶ್ಚಿತ, ಸಾಲದ ಕಂತು ಮಾತ್ರ ನಿಶ್ಚಿತ.

ಶಾಲೆಯೇ ಇಲ್ಲದೆ ಕಲಿತವರಿಲ್ಲವೇ ಎಂದು ಕೇಳುವವರಿದ್ದಾರೆ. ಇದ್ದಾರೆ. ಕೋಲ್ಕತ್ತದ ಸಂಸ್ಥೆಗೆ ಯಾರ ಹೆಸರಿದೆಯೋ ಆ ಸತ್ಯಜಿತ್ ರೇ ಅವರೇ ಯಾವ ಚಲನಚಿತ್ರ ಶಾಲೆಗೂ ಹೋದವರಲ್ಲ. ಆದರೆ ಅವರು ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತರು, ಜಾಹೀರಾತು ಸಂಸ್ಥೆಯಲ್ಲಿ ದುಡಿದರು, 1947ರಲ್ಲಿ ಗೆಳೆಯರೊಡನೆ ಚಿತ್ರ ಸಮಾಜ ಕಟ್ಟಿ ಜಗತ್ತಿನ ಚಿತ್ರಗಳನ್ನು ಕಂಡರು. 'ಪಥೇರ್ ಪಾಂಚಾಲಿ' ತೆರೆಗೆ ಬಂದದ್ದು 1955ರಲ್ಲಿ. ಶಾಲೆ ತಪ್ಪಿತು, ಕಲಿಕೆ ತಪ್ಪಲಿಲ್ಲ.

ಮೂರು ವಾರಗಳ ನಂತರ ತಂದೆ ಮಗಳು ಮರಳಿ ಬಂದರು. ಒಂದು ಕಡೆ ವಿದ್ಯಾರ್ಥಿಗಳ ಚಿತ್ರ ತೋರಿಸಿ ಎಂದಾಗ ಸಂಸ್ಥೆಯ ಜಾಹೀರಾತನ್ನೇ ತೋರಿಸಿ, ಮುಂಗಡ ಎಂದು ಕಟ್ಟುತ್ತೀರೆಂದು ಕೇಳಿದರಂತೆ. ಆ ವಿವರಪತ್ರವನ್ನು ತಂದೆ ಅಲ್ಲಿಯೇ ಬಿಟ್ಟು ಬಂದಿದ್ದರು. ಊರ ಬಳಿಯ ಕಾಲೇಜಿನಲ್ಲಿ ಭೌತಶಾಸ್ತ್ರದ ಪದವಿ ಓದಿ, ಆಮೇಲೆ ಪುಣೆ, ಕೋಲ್ಕತ್ತಗಳ ಪ್ರವೇಶ ಪರೀಕ್ಷೆ ಬರೆಯುವುದೆಂದು ಮಗಳು ನಿಶ್ಚಯಿಸಿದ್ದಳು.

"ಆ ಹೊತ್ತಿಗೆ ನಾನು ನಿವೃತ್ತನಾಗಿರುತ್ತೇನೆ ಫಾದರ್. ಹುಡುಗಿ ಅಷ್ಟು ದೂರ ಹೋಗಿ, ರಾತ್ರಿಯೆಲ್ಲ ಸ್ಟುಡಿಯೋದಲ್ಲಿ ಕೆಲಸ..." ಎಂದು ತಂದೆ ಮಾತು ನಿಲ್ಲಿಸಿದರು. ಅವರ ಅಂಜಿಕೆ ಸುಳ್ಳಲ್ಲ. ಅದಕ್ಕೆ ನಮ್ಮಲ್ಲಿ ಸಿದ್ಧ ಉತ್ತರವೂ ಇರಲಿಲ್ಲ. ಮೂರು ವರ್ಷಗಳ ಕಾಲಾವಕಾಶ ಮಗಳಿಗೆ ಸಿದ್ಧತೆಗಾಗಿ ಬೇಕು, ತಂದೆಗೆ ಮನಸ್ಸು ಮಾಡಿಕೊಳ್ಳಲು ಬೇಕು ಎಂದಷ್ಟೇ ಹೇಳಿದೆವು.

ಈ ನಡುವೆ ದೇವಾಲಯದ ಧ್ವನಿವರ್ಧಕಗಳ ಉಸ್ತುವಾರಿಯನ್ನು ಆಕೆಗೆ ವಹಿಸಿದ್ದೇವೆ. ಹಿಂದಿನ ಬೆಂಚುಗಳಿಗೆ ನಮ್ಮ ಪ್ರಬೋಧನೆ ಇಷ್ಟು ವರ್ಷ ಕೇಳಿಸುತ್ತಲೇ ಇರಲಿಲ್ಲವೆಂದು ಮೊದಲ ಭಾನುವಾರವೇ ಆಕೆ ಬಂದು ತಿಳಿಸಿದಳು.