ಕಾರ್ನರ್ ಬಾವುಟದಿಂದ ಟ್ರ್ಯಾಕಿಗೆ ಒಂದು ಮೀಟರ್

ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದ ಹುಲ್ಲಿನ ಮೂಲೆಯಲ್ಲಿ, ಫುಟ್‌ಬಾಲಿನ ಕಾರ್ನರ್ ಬಾವುಟ ನೆಡುವ ಜಾಗದಲ್ಲಿ ನಿಂತು ಒಂದೇ ಒಂದು ಹೆಜ್ಜೆ ಹಿಂದಿಟ್ಟರೆ ಕಾಲು ಓಟದ ಟ್ರ್ಯಾಕಿನ ಮೇಲಿರುತ್ತದೆ. ಲೆಕ್ಕ ಹಾಕಿದರೂ ಅಷ್ಟೇ. 400 ಮೀಟರಿನ ಪ್ರಮಾಣಿತ ಟ್ರ್ಯಾಕಿನ ನೇರ ಭಾಗ 84.39 ಮೀಟರ್, ತಿರುವಿನ ತ್ರಿಜ್ಯ 36.5 ಮೀಟರ್. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಕಣ ಕೂರಿಸಿದರೆ ಮೂಲೆಗೂ ಟ್ರ್ಯಾಕಿಗೂ ನಡುವೆ ಉಳಿಯುವುದು ಒಂದು ಮೀಟರಿಗೂ ಕೊಂಚ ಕಡಿಮೆ. ಕಾರ್ನರ್ ಕಿಕ್ ಹೊಡೆಯುವವನು ಓಡಿ ಬರಬೇಕಾದರೆ ಓಟಗಾರರ ದಾರಿಯನ್ನೇ ತುಳಿದು ಬರಬೇಕು. ಹಾಗಾಗಿ ಮ್ಯಾಚಿನ ದಿನ ಇಂಥ ಮೂಲೆಗಳಲ್ಲಿ ಟ್ರ್ಯಾಕಿನ ಮೇಲೆ ಕೃತಕ ಹುಲ್ಲಿನ ಹಾಸು ಹಾಸುವುದು ವಾಡಿಕೆ.

ರಗ್ಬಿಯಾಗಿದ್ದರೆ ಇನ್ನೂ ಪೇಚು. ಅದರ ಪೂರ್ತಿ ಅಳತೆಯ ಅಂಕಣ 100 ಮೀಟರ್. ಗೋಲುಗೆರೆಯ ಹಿಂದೆ ಎರಡೂ ಕಡೆ ಕನಿಷ್ಠ 6 ಮೀಟರ್ ಬೇಕೇ ಬೇಕು. ಕೂಡಿಸಿ ನೋಡಿ, ನಾಲ್ಕೂ ಮೂಲೆಗಳು ಟ್ರ್ಯಾಕಿನ ಮೇಲೆ ಹೋಗಿ ಕೂರುತ್ತವೆ. ಉದ್ದವನ್ನು 94 ಮೀಟರಿಗೆ ಇಳಿಸಿಕೊಂಡರೆ ಮಾತ್ರ ಹೇಗೋ ಹೊಂದುತ್ತದೆ.

ಆದೋನಿಯವನಾದ ನನಗೆ ಈ ಮೈದಾನ ತೀರಾ ದೂರದ್ದಲ್ಲ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನಾನು ಗೇಟಿಗೆ ಬರುವ ಹೊತ್ತಿಗೆ ಬಿಸಿಲು ಏರಿತ್ತು, ಓಟದ ಹುಡುಗರು ಬೂಟು ಬಿಚ್ಚಿ ಬಾಳೆಹಣ್ಣು ತಿನ್ನುತ್ತಿದ್ದರು. ಕಾವಲಿನ ಯುವಕ ನನ್ನ ಮಾತಿನ ಧಾಟಿ ಕೇಳಿದ್ದೇ ತಡ, "ಯಾವೂರ್ರಿ ಸರ ನಿಮ್ದು?" ಅಂದ. ಆದೋನಿ ಅಂದೆ. "ನಮ್ದು ಕೋಸಿಗಿರೀ!" ಕೋಸಿಗಿ, ಪೆದ್ದಕಡುಬೂರು, ಮಂತ್ರಾಲಯದ ಕಡೆಯಿಂದ ಮಳೆ ಕೈಕೊಟ್ಟ ವರ್ಷ ಜನ ಗುಂಟೂರಿನ ಮೆಣಸಿನಕಾಯಿ ಹೊಲಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಗುಳೆ ಹೋಗುವುದು ಹೊಸದೇನಲ್ಲ. ಅವನ ಮನೆಯವರು ಹಾಗೆಯೇ ಬಂದವರು. ಊರಿನ ಮಾತಿನ ಉಪಕಾರ: ಹುಲ್ಲಿನ ಅಂಚಿನವರೆಗೂ ಬಿಟ್ಟ.

ಅಲ್ಲಿಂದ ಗ್ಯಾಲರಿ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ದೂರ. ಸುಮಾರು 25 ಸಾವಿರ ಜನ ಕೂರುವ ಜಾಗ. ಆದರೆ ಅವರಿಗೂ ಚೆಂಡಿಗೂ ನಡುವೆ ಟ್ರ್ಯಾಕಿನ ಅಷ್ಟೂ ಲೇನುಗಳು. ಪಶ್ಚಿಮದ ಗ್ಯಾಲರಿಯಲ್ಲಿ ಬೆಂಗಳೂರು ಎಫ್‌ಸಿಯ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳು ತೊಂಬತ್ತು ನಿಮಿಷವೂ ನಿಂತೇ ಕೂಗುವುದು ಆಟದ ಹುರುಪಿಗಷ್ಟೇ ಅಲ್ಲ, ಈ ದೂರ ದಾಟಿಸಲಿಕ್ಕೂ ಇರಬೇಕು ಅಂತ ನನ್ನ ಅನುಮಾನ.

ಈ ಕ್ಲಬ್ ಹುಟ್ಟಿದ್ದು 2013ರಲ್ಲಿ. ಮೊದಲ ಹಂಗಾಮಿನಲ್ಲೇ ಐ-ಲೀಗ್ ಗೆದ್ದದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿಕೊಂಡು. ಬೆಂಗಳೂರಿನ ಫುಟ್‌ಬಾಲಿನ ನಿಜವಾದ ಬೇರು ಇರುವುದೂ ಆ ಕಡೆಯೇ, ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದ ಗಲ್ಲಿಗಳಲ್ಲಿ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕ್ಲಬ್ ಕಂಠೀರವಕ್ಕೆ ಬಂದದ್ದು 2014ರ ನಂತರ. 2016ರ ಅಕ್ಟೋಬರ್ 19ರಂದು ಇಲ್ಲೇ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ಪಿನ ಫೈನಲಿಗೆ ಹೋಯಿತು. ಭಾರತದ ಯಾವ ಕ್ಲಬ್ಬೂ ಅದಕ್ಕೆ ಮುಂಚೆ ಅಲ್ಲಿಗೆ ಮುಟ್ಟಿರಲಿಲ್ಲ.

ಆದರೆ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಈ ಕ್ರೀಡಾಂಗಣ ಈಗಿನ ರೂಪಕ್ಕೆ ಬಂದಾಗ ಅದರ ಜೀವಾಳ ಟ್ರ್ಯಾಕ್. ಜಾವೆಲಿನ್, ಡಿಸ್ಕಸ್, ಹ್ಯಾಮರ್ ಬೀಳುವುದು ಇದೇ ಹುಲ್ಲಿನ ಮೇಲೆ. ಹ್ಯಾಮರ್ ಅಂದರೆ ಗಂಡಸರದ್ದು 7.26 ಕಿಲೋ ಕಬ್ಬಿಣ, ಬಿದ್ದಲ್ಲಿ ಗುಂಡಿ. ಆ ಗುಂಡಿಯಲ್ಲಿ ಫುಟ್‌ಬಾಲ್ ಆಟಗಾರನ ಕಾಲು ಸಿಕ್ಕರೆ ಪಾದ ಉಳುಕುವುದು ಖಂಡಿತ. ಇತ್ತ ಮ್ಯಾಚಿಗೆ ಹುಲ್ಲು ಹದವಾಗಿರಬೇಕು ಅಂತ ಕೆಲವು ದಿನ ಮೊದಲೇ ಹಗ್ಗ ಕಟ್ಟಿದರೆ ಎಸೆತದ ಹುಡುಗಿ ಎಲ್ಲಿ ಎಸೆಯಬೇಕು? ಅಥ್ಲೀಟುಗಳು, ಕೋಚುಗಳು ಬಹಿರಂಗವಾಗಿಯೇ ಪ್ರತಿಭಟಿಸಿದರು. ಹಿಂದಿನ ಓಟಗಾರ್ತಿ ಅಶ್ವಿನಿ ನಾಚಪ್ಪ ಅವರಂಥವರೂ ದನಿಗೂಡಿಸಿದರು. ಜಗಳ ಹೈಕೋರ್ಟಿನ ಮೆಟ್ಟಿಲೂ ಹತ್ತಿತು. ನನಗೆ ಕೇಳಿದರೆ ಅಥ್ಲೀಟುಗಳ ಪಕ್ಷವೇ ಸರಿ. ಫುಟ್‌ಬಾಲಿಗೆ ಊರಲ್ಲಿ ಬೇರೆ ಅಂಕಣಗಳಿವೆ. ಸಿಂಥೆಟಿಕ್ ಟ್ರ್ಯಾಕನ್ನು ಬೇಕೆಂದ ಕಡೆ ಸುತ್ತಿಕೊಂಡು ಹೋಗಲು ಬರುವುದಿಲ್ಲ.

ಹುಲ್ಲಿನಿಂದ ಹೊರಗೆ ಬಂದು ಆವರಣದಲ್ಲೇ ಇನ್ನಷ್ಟು ನಡೆದರೆ ಒಂದು ಪುಟ್ಟ ಹೊಂಡ ಸಿಗುತ್ತದೆ. ಸಂಪಂಗಿ ಕೆರೆಯಲ್ಲಿ ಉಳಿದದ್ದು ಇಷ್ಟೇ. ಪೇಟೆಗೂ ದಂಡಿಗೂ ನಡುವೆ ಹರಡಿಕೊಂಡಿದ್ದ ದೊಡ್ಡ ಕೆರೆ ಅದು. ಆಗಲೂ ಇದು ಒಬ್ಬರ ಸ್ವತ್ತಾಗಿರಲಿಲ್ಲ. ತೋಟಗಾರ ತಿಗಳರಿಗೆ ತರಕಾರಿ ಮಡಿಗಳಿಗೆ ನೀರು ಬೇಕು, ಆದರೆ ಮಡಿ ಮುಳುಗುವಷ್ಟು ಬೇಡ. ಇಟ್ಟಿಗೆ ಸುಡುವವರಿಗೆ ಕೆರೆಯಂಗಳದ ಮಣ್ಣು ಬೇಕು. ದಂಡಿನ ದೊರೆಗಳಿಗೆ ಕೆರೆ ಒಣಗಿದಷ್ಟೂ ಒಳ್ಳೆಯದು, ಕುದುರೆ ಹತ್ತಿ ಪೋಲೋ ಆಡಬಹುದು! 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂತು. ಕುಡಿಯುವ ನೀರಿಗೆ ಕೆರೆಯ ಹಂಗು ತಪ್ಪಿತು. ಹಂಗು ತಪ್ಪಿದ ಕೆರೆಗೆ ದಿಕ್ಕು ಯಾರು? 1937ರ ಹೊತ್ತಿಗೆ ಅದು ಹೆಚ್ಚುಕಡಿಮೆ ಈ ಹೊಂಡದಷ್ಟಕ್ಕೆ ಇಳಿದಿತ್ತು. 1940ರ ದಶಕದಲ್ಲಿ ಕೆರೆಯಂಗಳ ಆಟದಂಗಳವಾಯಿತು. 17ನೇ ಶತಮಾನದ ಮೈಸೂರಿನ ಅರಸ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರು ಅದಕ್ಕೆ ಸಂದಿತು.

ನೀರು ಹೋದರೂ ಹಕ್ಕು ಹೋಗಲಿಲ್ಲ. ಚೈತ್ರದಲ್ಲಿ ಧರ್ಮರಾಯ ಸ್ವಾಮಿ ದೇವಸ್ಥಾನದ ಕರಗದ ಹೊತ್ತಿಗೆ ತಿಗಳ ಸಮುದಾಯದವರು ಈಗಲೂ ಇಲ್ಲಿಗೆ ಬರುತ್ತಾರೆ. ಹಸಿ ಕರಗದ ವಿಧಿಗೆ ಸಂಪಂಗಿ ಕೆರೆಯ ಜಾಗವೇ ಆಗಬೇಕು. ಕ್ರೀಡಾಂಗಣದ ಪಾಲುದಾರರಲ್ಲಿ ಅತಿ ಹಳಬರು ಅವರೇ. ಬಾಡಿಗೆ, ಕರಾರುಪತ್ರದ ಮಾತು ಅವರಿಗೆ ಅನ್ವಯಿಸದು.

ಉಳಿದ ಪಾಲುದಾರರ ಪಟ್ಟಿ ಉದ್ದ. 2021ರ ಅಕ್ಟೋಬರ್ ಕೊನೆಯಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಾರ್ಥಿವ ಶರೀರವನ್ನು ಇಲ್ಲಿಟ್ಟಾಗ ಹಗಲುರಾತ್ರಿ ಸಾಲು ಕರಗಲೇ ಇಲ್ಲ. 2023ರ ಮೇ 20ರಂದು ಸಿದ್ದರಾಮಯ್ಯ ಇಲ್ಲೇ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಸುಮಾರು ಒಂದು ತಿಂಗಳ ಮೇಲೆ, ಜೂನ್ 21ರಂದು, ಇದೇ ಮೈದಾನದಲ್ಲಿ ಸ್ಯಾಫ್ ಚಾಂಪಿಯನ್‌ಶಿಪ್ ಶುರುವಾಗಿ ಸುನಿಲ್ ಛೆಟ್ರಿ ಪಾಕಿಸ್ತಾನದ ಮೇಲೆ ಮೂರು ಗೋಲು ಹೊಡೆದರು. ವೇದಿಕೆ, ಜನಸಂದಣಿ ಎಲ್ಲ ತುಳಿದ ಮೇಲೆ ಮತ್ತೆ ಆಟಕ್ಕೆ ಹದ ಮಾಡುವ ಮಾಲಿಗಳ ಹೆಸರು ಯಾವ ಸ್ಕೋರ್‌ಬೋರ್ಡಿನಲ್ಲೂ ಬರುವುದಿಲ್ಲ.

ಇಂಗ್ಲೆಂಡಿನ ವಿಗನ್ ಪಟ್ಟಣದಲ್ಲಿ ಹೆಚ್ಚುಕಡಿಮೆ ಇಷ್ಟೇ ಜನ ಹಿಡಿಸುವ ಕ್ರೀಡಾಂಗಣ 1999ರಲ್ಲಿ ತೆರೆಯಿತು. ಟ್ರ್ಯಾಕ್ ಇಲ್ಲ, ಒಂದೇ ಹುಲ್ಲಿನ ಮೇಲೆ ವಿಗನ್ ಅಥ್ಲೆಟಿಕ್ ಫುಟ್‌ಬಾಲ್ ಆಡುತ್ತದೆ, ವಿಗನ್ ವಾರಿಯರ್ಸ್ ರಗ್ಬಿ ಲೀಗ್ ಆಡುತ್ತದೆ. ಭಾರದ ಆಳುಗಳು ಮೈಗೆ ಮೈ ಕೊಟ್ಟು ಬೀಳುವ ಆಟ, ಮೇಲಾಗಿ ಮಳೆನಾಡು; ಹುಲ್ಲು ಕಿತ್ತುಬಂತು ಅಂತ ಫುಟ್‌ಬಾಲಿನವರ ಗೊಣಗಾಟ ಅಲ್ಲಿಯೂ ಕೇಳಿಬಂದದ್ದೇ. 2023ರಲ್ಲಿ ಮೈಕ್ ಡ್ಯಾನ್ಸನ್ ಫುಟ್‌ಬಾಲ್ ಕ್ಲಬ್ಬನ್ನು ಕೊಂಡುಕೊಂಡ, ವಾರಿಯರ್ಸ್ ತಂಡವೂ ಅವನ ಪಾಲಾಯಿತು. ಈಗ ಎರಡು ತಂಡಗಳೂ ಒಂದೇ ಯಜಮಾನನ ಕೈಯಲ್ಲಿ, ಅಣ್ಣತಮ್ಮಂದಿರ ವ್ಯಾಜ್ಯ ಅಪ್ಪನ ಮುಂದೆ ಇತ್ಯರ್ಥವಾದ ಹಾಗೆ. ಕಂಠೀರವದಲ್ಲಿ ಯಜಮಾನ ಸರ್ಕಾರ. ಯಾರಿಗೂ ಇಲ್ಲ ಅನ್ನಲು ಬಾರದ ಯಜಮಾನ.

ಬೆಂಗಳೂರು ಎಫ್‌ಸಿಯ ಮಾಲೀಕರಾದ ಜೆಎಸ್‌ಡಬ್ಲ್ಯು ಬೇರೊಂದು ದಾರಿ ಹಿಡಿದರು. ನಮ್ಮ ಆದೋನಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರದ ತೋರಣಗಲ್ಲಿನ ವಿಜಯನಗರದಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಕಟ್ಟಿದರು. 2018ರಲ್ಲಿ ಅದು ಶುರುವಾಯಿತು. ಕ್ಲಬ್ಬಿನ ಎಳೆಯರ ಅಕಾಡೆಮಿ ಅಲ್ಲಿ ನಡೆದಿದೆ, ನೀರಜ್ ಚೋಪ್ರಾ ಕೂಡ ಅಲ್ಲಿ ತಾಲೀಮು ಮಾಡಿದವರು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರದೆ ಹೋಗಿದ್ದರೆ ತೋರಣಗಲ್ಲು ಇವತ್ತಿಗೂ ನಮ್ಮದೇ ಜಿಲ್ಲೆಯ ಊರು ಅಂತ ಹೇಳಿಕೊಳ್ಳಬಹುದಿತ್ತು.

ಅದೇ ನೀರಜ್, 2025ರ ಜುಲೈ 5ರಂದು ತಮ್ಮ ಹೆಸರಿನ ಜಾವೆಲಿನ್ ಕೂಟವನ್ನು ಕಂಠೀರವಕ್ಕೆ ತಂದರು. ಮೊದಲು ಪಂಚಕುಲಾದಲ್ಲಿ ಅಂತ ಇತ್ತು, ಅಲ್ಲಿ ದೀಪಗಳ ಬೆಳಕು ಸಾಲದೆಂದು ಇಲ್ಲಿಗೆ ಬಂತು. 86.18 ಮೀಟರ್ ಎಸೆದು ಗೆದ್ದದ್ದೂ ಅವರೇ. ಕೋಸಿಗಿಯ ಹುಡುಗ ಆವತ್ತು ಡ್ಯೂಟಿಯಲ್ಲಿದ್ದನಂತೆ. ಮ್ಯಾಚು ಹೆಚ್ಚೋ ಜಾವೆಲಿನ್ ಹೆಚ್ಚೋ ಅಂತ ಕೇಳಿದೆ.

"ಯಾವ್ದಾರ ಇರ್ಲಿ ಸರ, ಎರಡಕ್ಕೂ ಜನ ತುಂಬಿರ್ತಾರ. ನಾವು ಮಾತ್ರ ಗ್ರೌಂಡಿಗೆ ಬೆನ್ನು ಕೊಟ್ಟು ಗ್ಯಾಲರಿ ಕಡೀಗೆ ನೋಡ್ಕೋತ ನಿಂದ್ರಬೇಕ್ರಿ."