ದುಬಾರಿ ಬೇಟೆ ರೈಫಲ್: ಹೆಚ್ಚು ಹಣಕ್ಕೆ ಸಿಗುವುದೇನು?



ಶಂಕಗಿರಿ, ಮೆಟ್ಟೂರು, ಪೆನ್ನಾಗರಂ, ಡೆಂಕಣಿಕೋಟೆ ಕಡೆಯ ನಮ್ಮವರ ಮನೆಗಳಲ್ಲಿ ಬಂದೂಕಿನ ಮಾತು ಬರುವುದು ಎರಡು ಕಾರಣಕ್ಕೆ. ಒಂದು, ತಾತನ ಹೆಸರಿನಲ್ಲಿದ್ದ ಹಳೆಯ ಲೈಸೆನ್ಸ್ ಬಂದೂಕು. ಇನ್ನೊಂದು, ಮರಗೆಣಸು, ಕಡಲೆಕಾಯಿ ಹೊಲಕ್ಕೆ ರಾತ್ರಿ ನುಗ್ಗುವ ಕಾಡುಹಂದಿ. ಮಾತು ಬೆಳೆದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ಲಂಡನ್ನಿನ ರೈಫಲ್‌ಗೆ ಅಷ್ಟೊಂದು ಬೆಲೆ ಯಾಕೆ? ಅದರಲ್ಲಿ ಹೊಡೆದರೆ ಗುರಿ ತಪ್ಪುವುದೇ ಇಲ್ಲವೇ?”

ಮೊದಲು ಆ ಬೆಲೆ ಎಲ್ಲಿ ಹೋಗುತ್ತದೆ ಎಂದು ನೋಡೋಣ. ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್‌ನಂಥ ಕಂಪನಿ ಕೈಯಿಂದ ಮಾಡಿಕೊಡುವ ಜೋಡಿನಳಿಗೆ ರೈಫಲ್ಲಿಗೆ ಇಂದು ಒಂದು ಕೋಟಿ ರೂಪಾಯಿಗೂ ಮೇಲೆ ಬೆಲೆ ಇದೆ. ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ತಯಾರಾದ ಸಾದಾ ಬೇಟೆ ರೈಫಲ್ 500 ಡಾಲರ್ ಆಸುಪಾಸಿಗೆ ಸಿಗುತ್ತದೆ. ಈ ಸಾದಾ ರೈಫಲ್ಲೂ 100 ಗಜ ದೂರದಲ್ಲಿ ಒಂದು, ಒಂದೂವರೆ ಅಂಗುಲದೊಳಗೆ ಗುಂಡುಗಳನ್ನು ಕೂರಿಸುತ್ತದೆ. ಬೇಟೆಗೆ ಅದಕ್ಕಿಂತ ಹೆಚ್ಚಿನ ನಿಖರತೆ ಬೇಕಿಲ್ಲ.

ಹಾಗಾದರೆ ಉಳಿದ ಹಣ ಯಾವುದಕ್ಕೆ? ಬಹುಪಾಲು ಕೈಕೆಲಸಕ್ಕೆ. ಜೋಡಿನಳಿಗೆಯ ಎರಡೂ ಗುಂಡು ಒಂದೇ ಜಾಗಕ್ಕೆ ಬೀಳಬೇಕು. ಅದಕ್ಕಾಗಿ ಕುಶಲಕರ್ಮಿ ಗುಂಡು ಹಾರಿಸಿ ನೋಡುತ್ತಾನೆ, ಬೆಸುಗೆ ಕಾಯಿಸಿ ನಳಿಗೆಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ, ಮತ್ತೆ ಹಾರಿಸುತ್ತಾನೆ. ಹೀಗೆ ಹೊಂದಿಸುವುದು ಒಂದೇ ಬಗೆಯ ತೋಟಾಕ್ಕೆ. ತೋಟಾ ಬದಲಾದರೆ ಹೊಂದಾಣಿಕೆಯೂ ಕೆಡಬಹುದು. ಇದರ ಮೇಲೆ ವಾಲ್‌ನಟ್ ಮರದ ಹಿಡಿ, ಉಕ್ಕಿನ ಮೇಲೆ ಕೆತ್ತನೆ, ಕಂಪನಿಯ ಹೆಸರು. ಮೈಮೇಲೆ ಬರುವ ಆನೆಯ ಮುಂದೆ ಕ್ಷಣದಲ್ಲಿ ಎರಡನೇ ಗುಂಡು ಹಾರಿಸಬೇಕಾದವನಿಗೆ ಜೋಡಿನಳಿಗೆ ನಿಜಕ್ಕೂ ಉಪಯೋಗದ್ದು. ಮಿಕ್ಕವರಿಗೆ ಅದು ಒಡವೆ ಇದ್ದಂತೆ.

ಇದಕ್ಕೆ ಸಾಕ್ಷಿ ನಮ್ಮ ಬೆಟ್ಟಗಳಲ್ಲೇ ಇದೆ. ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974) ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಬಲ್ಲರು. ಪೂರ್ಣಚಂದ್ರ ತೇಜಸ್ವಿಯವರು ಅವನ ಬೇಟೆ ಕತೆಗಳನ್ನು ಕನ್ನಡಕ್ಕೆ ತಂದು ಮನೆಮನೆಗೆ ಮುಟ್ಟಿಸಿದರು. ಜವಳಗಿರಿ, ಅಂಚೆಟ್ಟಿ, ಪೆನ್ನಾಗರಂ, ಚಿನ್ನಾರ್ ಹೊಳೆ ಅವನು ಅಲೆದಾಡಿದ ಕಾಡುಗಳು. ಆಗ ಇವೆಲ್ಲ ಸೇಲಂ ಜಿಲ್ಲೆಗೆ ಸೇರಿದ್ದವು. 1965ರಲ್ಲಿ ಧರ್ಮಪುರಿ, 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಗಳಾದವು.

ಆಂಡರ್ಸನ್ ನೆಚ್ಚಿದ್ದು ಯಾವ ರೈಫಲ್? ಪಾಯಿಂಟ್ 405 ವಿಂಚೆಸ್ಟರ್, 1895ರ ಮಾದರಿ. ಅಮೆರಿಕದ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾದ ಮಾಲು, ಕೆತ್ತನೆ ಇಲ್ಲ, ಠೀವಿ ಇಲ್ಲ. ಇಂಗ್ಲಿಷ್ ಜೋಡಿನಳಿಗೆಯ ಬೆಲೆಯ ಹತ್ತಿರಕ್ಕೂ ಬರುತ್ತಿರಲಿಲ್ಲ. ಆದರೆ ಕೆಳಗಿನ ಲೀವರ್ ಎಳೆದು ಬಿಟ್ಟರೆ ಮುಂದಿನ ಗುಂಡು ಸಿದ್ಧ. ಅಟ್ಟಣೆ ಮೇಲೆ ಕೂತು ಟಾರ್ಚ್ ಬೆಳಕಿನಲ್ಲಿ ಹತ್ತಿರದಿಂದಲೇ ಹೊಡೆಯುವವನಿಗೆ ಅಷ್ಟು ಸಾಕಾಗಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಉಡುಗೊರೆಯಾಗಿ ಬಂದ ಹಾಲೆಂಡ್ ಜೋಡಿನಳಿಗೆಯೂ ಜೊತೆಗಿತ್ತು, ಇದೇ ಪಾಯಿಂಟ್ 405 ಕೂಡ ಇತ್ತು. ಸಿಂಹಕ್ಕೆ ಅವನು ಮೆಚ್ಚಿದ್ದು ವಿಂಚೆಸ್ಟರನ್ನೇ.

ಇನ್ನೂ ಒಂದು ಮಾತು. ಆಂಡರ್ಸನ್‌ಗೆ ಕಾಡು ಓದುವುದನ್ನು ಕಲಿಸಿದವರಲ್ಲಿ ಒಬ್ಬ ಚಿನ್ನಾರ್ ಬಳಿಯ ಪೂಜಾರಿ ಬೈರ. ಅವನ ಕೈಯಲ್ಲಿದ್ದದ್ದು ಮದ್ದು ತುಂಬಿ ಹೊಡೆಯುವ ಹಳೆಯ ತುಪಾಕಿ. ಹೆಜ್ಜೆ ಗುರುತು, ಗಾಳಿಯ ದಿಕ್ಕು, ಜಿಂಕೆಯ ಎಚ್ಚರಿಕೆಯ ಕೂಗು ಇವನ್ನೆಲ್ಲ ಯಾವ ಅಂಗಡಿಯಲ್ಲೂ ಕೊಳ್ಳಲಾಗದು.

ನಮ್ಮ ದೇಶದಲ್ಲಿ ಬೆಲೆಯ ಲೆಕ್ಕ ಇನ್ನೂ ಬೇರೆ. 1980ರ ದಶಕದಿಂದ ವ್ಯಾಪಾರಕ್ಕಾಗಿ ವಿದೇಶಿ ಬಂದೂಕು ತರಿಸುವುದು ನಿಂತುಹೋಗಿದೆ. ಇರುವ ಹಳೆಯವೇ ಕೈಯಿಂದ ಕೈಗೆ ಸಾಗುತ್ತವೆ. ಹಾಗಾಗಿ ಇಲ್ಲಿ ಹೆಚ್ಚಿನ ಬೆಲೆ ಗುಣಕ್ಕಿಂತ ಅಭಾವವನ್ನೇ ಹೇಳುತ್ತದೆ. ಹಳೆಯ ಇಂಗ್ಲಿಷ್ ರೈಫಲ್ ಸಿಕ್ಕಿದರೂ ಅದರ ತೋಟಾ ಸಿಗುವುದು ಕಷ್ಟ. ಈಶಾಪುರ ರೈಫಲ್ ಕಾರ್ಖಾನೆಯ ಪಾಯಿಂಟ್ 315ಕ್ಕೆ ಅಂಥ ಹೆಸರಿಲ್ಲ, ಆದರೆ ತೋಟಾ ಇಲ್ಲೇ ತಯಾರಾಗುತ್ತದೆ. ತೋಟಾ ಇಲ್ಲದ ಕೋಟಿಯ ರೈಫಲ್‌ಗಿಂತ ಅದು ಮೇಲು.

ಬೆಲೆಗಿಂತ ದೊಡ್ಡ ಪ್ರಶ್ನೆ ಕಾನೂನಿನದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಗೆ ಕಡಿವಾಣ ಬಿತ್ತು; 1991ರ ತಿದ್ದುಪಡಿ ಬಾಗಿಲನ್ನೇ ಮುಚ್ಚಿತು. ಲೈಸೆನ್ಸ್‌ನಲ್ಲಿ ವಿಶೇಷ ವಿನಾಯಿತಿ ಇರುವ ಕೊಡಗಿನವರಿಗೂ ಬೇಟೆಯ ಹಕ್ಕಿಲ್ಲ. ಬೆಳೆ ರಕ್ಷಣೆಯ ಲೈಸೆನ್ಸ್ ಇದ್ದ ಮಾತ್ರಕ್ಕೆ ಹಂದಿ ಕೊಲ್ಲಬಹುದು ಎಂಬುದು ತಪ್ಪು ತಿಳಿವಳಿಕೆ. ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿದ ಆದೇಶದ ಪ್ರಕಾರ ಮೀಸಲು ಅರಣ್ಯದಿಂದ 1 ಕಿ.ಮೀ. ಒಳಗೆ ಹಂದಿಯನ್ನು ಕೊಲ್ಲುವಂತಿಲ್ಲ, 1ರಿಂದ 3 ಕಿ.ಮೀ. ನಡುವೆ ಹಿಡಿದು ಕಾಡಿಗೆ ಬಿಡಬೇಕು, 3 ಕಿ.ಮೀ. ಆಚೆ ಮಾತ್ರ ಗುಂಡು ಹಾರಿಸಬಹುದು. ಅದನ್ನೂ ಹಾರಿಸಬೇಕಾದವರು ಅರಣ್ಯ ಇಲಾಖೆಯ ತರಬೇತಿ ಪಡೆದ ಸಿಬ್ಬಂದಿ, ರೈತರಲ್ಲ.

ಆದ್ದರಿಂದ ಬೆಳೆ ಹಾಳಾದರೆ ಫೋಟೊ ತೆಗೆದು, ಅರಣ್ಯ ಇಲಾಖೆಗೆ ಬರೆದು ಕೊಟ್ಟು ಪರಿಹಾರ ಕೇಳಿ. ಕಡಿಮೆ ದುಡ್ಡಿಗೆ ಸಿಗುತ್ತದೆ ಎಂದು ಲೈಸೆನ್ಸ್ ಇಲ್ಲದ ನಾಟು ಬಂದೂಕಿಗೆ ಕೈ ಹಾಕಬೇಡಿ. ಅದು ಹೊಡೆದವನ ಕೈಯಲ್ಲೇ ಸಿಡಿಯಬಹುದು. ಸಿಡಿಯದಿದ್ದರೂ ಜೈಲು ತಪ್ಪದು.

ಮನೆಯಲ್ಲಿ ಹಿರಿಯರ ಬಂದೂಕು ಇರುವವರು ಇಷ್ಟು ನೆನಪಿಡಿ. ಲೈಸೆನ್ಸ್‌ದಾರರು ತೀರಿಕೊಂಡರೆ ವಾರಸುದಾರರು ತಮ್ಮ ಹೆಸರಿನಲ್ಲಿ ಲೈಸೆನ್ಸ್‌ಗೆ ಅರ್ಜಿ ಹಾಕಬೇಕು. ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು 25 ವರ್ಷ ಅವರ ಬಳಿ ಇದ್ದಿದ್ದರೆ, ಬದುಕಿರುವಾಗಲೇ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. 2019ರ ತಿದ್ದುಪಡಿಯಂತೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ, ಪಿತ್ರಾರ್ಜಿತವೂ ಆ ಲೆಕ್ಕದಲ್ಲೇ ಬರುತ್ತದೆ.

ಕೊನೆಗೆ ಪ್ರಶ್ನೆಗೆ ಉತ್ತರ: ಸುರಕ್ಷಿತವಾದ, ನಂಬಬಹುದಾದ, ತೋಟಾ ಸಿಗುವ ರೈಫಲ್ಲಿನವರೆಗೆ ಕೊಟ್ಟ ಹಣ ಸಾರ್ಥಕ. ಅದರ ಮೇಲಿನದು ಕಲೆಗೆ ಮತ್ತು ಹೆಸರಿಗೆ ಕೊಡುವ ಹಣ. ಕಲೆಗೆ ಕೊಡುವುದು ತಪ್ಪಲ್ಲ, ಆದರೆ ಅದರಿಂದ ಗುರಿ ಸುಧಾರಿಸುತ್ತದೆ ಎಂದುಕೊಳ್ಳಬೇಡಿ. ನಮ್ಮ ಹೊಲದ ಹಂದಿಗಂತೂ ಅದು ಪರಿಹಾರವೇ ಅಲ್ಲ.